ಫೈನಲ್ ಎಕ್ಸಿಟ್

ನಮ್ಮ ಕಡೆ ಗಲ್ಫಿನಿಂದ ಬಂದವನನ್ನು ಕಂಡರೆ ಎರಡು ಪ್ರಶ್ನೆ ಒಂದೇ ಉಸಿರಿನಲ್ಲಿ ಬೀಳುತ್ತವೆ: "ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?" ಮನುಷ್ಯ ಮಡಂತ್ಯಾರು ಪೇಟೆಯಲ್ಲಿ ರಿಕ್ಷಾದಿಂದ ಇಳಿದಿರುವುದಿಲ್ಲ, ಅವನನ್ನು ವಾಪಸು ಕಳಿಸುವ ಅವಸರ ಊರಿಗೆ! ಸೌದಿಯಿಂದ ಬಂದಿದ್ದ ರಮಾನಾಥ ನಕ್ಕು ಮುಂದೆ ನಡೆಯುತ್ತಿದ್ದ.

ಕನ್ನಡದಲ್ಲಿ ನಿರ್ಗಮನ ಎಂದರೆ ಮುಗಿಯಿತು. ಸೌದಿಯಲ್ಲಿ ಅದಕ್ಕೂ ಜಾತಿಗಳುಂಟು. ರಜೆಗೆ ಹೋಗಿ ಮರಳುವವನಿಗೆ ಎಕ್ಸಿಟ್ ರೀ-ಎಂಟ್ರಿ. ಇನ್ನು ನಿನ್ನ ಮುಖ ಬೇಡ ಎಂದರೆ ಫೈನಲ್ ಎಕ್ಸಿಟ್. ಕಂಪನಿ ಮುಚ್ಚಿ, ರಮಾನಾಥನಿಗೆ ಸಿಕ್ಕಿದ್ದು ಎರಡನೆಯದು. "ಇನ್ನು ಮನೆಯಲ್ಲೇ ಇರ್ತೇನೆ" ಎಂದರೆ ಹೆಂಡತಿ ಪ್ರೇಮಾವತಿ ಖುಷಿಪಡುತ್ತಾಳೆ ಅಂದುಕೊಂಡಿದ್ದ, ಪಾಪ.

"ಯಾರಿಗೂ ಹೇಳ್ಬೇಡಿ ಮಾರಾಯ್ರೆ," ಎಂದಳು ಅವಳು. "ಬೆಳ್ತಂಗಡಿಯ ಗಂಡಿನ ಕಡೆಯವರು ಅಕ್ಷಿತಾಳನ್ನು ಒಪ್ಪಿದ್ದೇ ಅಪ್ಪ ಸೌದಿಯಲ್ಲಿದ್ದಾರೆ ಅಂತ."

ಮಗಳು ಅಲ್ಲೇ ಇದ್ದಳು. ಅಲ್ಲವೆನ್ನಲಿಲ್ಲ.

ಬೀಗರು ರಜೆ ಯಾವಾಗ ಮುಗಿಯುತ್ತದೆಂದು ಕೇಳತೊಡಗಿದಾಗ ಪ್ರೇಮಾವತಿಯೇ ಉಪಾಯ ಹೂಡಿದಳು. ಗಲ್ಫಿಗೆ ಹೊರಟವನಿಗೆ ಮಾಡುವುದನ್ನೆಲ್ಲ ಮಾಡಿದಳು: ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕುಚ್ಚಲಕ್ಕಿ, ರಟ್ಟಿನ ಪೆಟ್ಟಿಗೆಗೆ ಹಗ್ಗ, ಮೇಲೆ ದಪ್ಪಕ್ಷರದಲ್ಲಿ ಹೆಸರು. ಅಂಗಳದಲ್ಲಿ ಬೀಗರ ಎದುರು ಕಣ್ಣೂ ಒರೆಸಿಕೊಂಡಳು. ಅಬ್ಬಾ, ಎಂಥ ಹೆಂಗಸು!

ಕಾರು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಮೂಡುಬಿದಿರೆಯಲ್ಲಿ ಅವನ ತಂಗಿಯ ಮನೆಯೆದುರು ನಿಂತಿತು. ಪೆಟ್ಟಿಗೆಯ ಹಗ್ಗ ಬಿಚ್ಚಲು ಹೋದ ತಂಗಿಯನ್ನು ರಮಾನಾಥ ತಡೆದ.

"ಬೇಡ. ಹೆಚ್ಚು ದಿನ ಇಲ್ಲಿರುವುದಿಲ್ಲ. ಮದುವೆಗೆ ರಜೆ ಸಿಕ್ಕಿತು ಅಂತ ಹೇಳಿ ಮನೆಗೆ ಹೋಗ್ತೇನೆ. ಮಗಳಿಗೆ ಧಾರೆ ಎರೆಯಬೇಡವಾ?"

ಅಷ್ಟೊಂದು ಆಸೆ ಕಟ್ಟಿಕೊಂಡು ಅವನು ತಂಗಿಯ ಮನೆಯ ಕೋಣೆಯಲ್ಲಿ ಕಳ್ಳನ ಹಾಗೆ ಕೂತಿದ್ದ. ಪೇಟೆಗೂ ಹೋಗುವಂತಿಲ್ಲ, ಯಾರಾದರೂ ಕಂಡರೆ!

ಮೆಲ್ಕಾರಿನ ಹಾಲ್‌ನಲ್ಲಿ ನಿಶ್ಚಿತಾರ್ಥ. ಇವನಿಗೆ ವಿಡಿಯೋ ಕಾಲ್. ಹೆಂಡತಿಯ ಅಪ್ಪಣೆಯಂತೆ ಕಿಟಕಿಗೆ ಬೆನ್ನು ಕೊಡದೆ ಬಿಳಿ ಗೋಡೆಗೆ ಒರಗಿ ಕೂತ. ಹೊರಗೆ ಮಳೆ ಹೊಡೆಯುತ್ತಿತ್ತು.

"ಅಲ್ಲಿ ಸೆಕೆ ಉಂಟಾ?" ಬೀಗರು ಕೇಳಿದರು.

"ಭಾರಿ ಸೆಕೆ."

"ಇನ್ನು ಯಾವಾಗ ಬರುವುದು? ಮದುವೆಗೆ ಇರ್ತೀರಲ್ಲ?"

ರಮಾನಾಥ ಬಾಯಿ ತೆರೆಯುವಷ್ಟರಲ್ಲಿ ಪ್ರೇಮಾವತಿಯ ಧ್ವನಿ ಬಂತು: "ಈಗಷ್ಟೇ ಹೋದದ್ದಲ್ವಾ, ರಜೆ ಎಲ್ಲಿ ಕೊಡ್ತಾರೆ? ಧಾರೆಗೆ ಸೋದರಮಾವ ಇದ್ದಾರಲ್ಲ."

ಅವನು ಮಗಳ ಮುಖ ನೋಡಿದ. ಅವಳಾದರೂ ಏನಾದರೂ ಹೇಳಿಯಾಳು ಎಂದು ಕಾದ.

"ಬೇಜಾರು ಮಾಡ್ಬೇಡಿ ಪಪ್ಪ," ಎಂದಳು ಅಕ್ಷಿತಾ, ನಗುತ್ತಾ. "ಆ ದಿನವೂ ಹೀಗೇ ವಿಡಿಯೋ ಕಾಲ್ ಮಾಡುವ."

ಫೋನು ಆರಿತು. ಸೌದಿಯವರಾದರೂ ಕರೆದು, ಮುಖಕ್ಕೆ ಹೇಳಿ ಕಳಿಸಿದ್ದರು. ರಮಾನಾಥ ಎದ್ದು ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದ. ಕುಚ್ಚಲಕ್ಕಿಯನ್ನು ತಂಗಿಯ ಅಕ್ಕಿ ಡಬ್ಬಿಗೆ ಸುರಿದ.