ಗೇಟಿನಾಚೆ ಚಾಲೂ ಇದ್ದ ಕಾರು

ಕರಬಸಪ್ಪ ಬದುಕಿದ್ದಷ್ಟು ಕಾಲವೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಬ್ಯಾಡಗಿಯ ಗೋಣಿಚೀಲದ ಅಂಗಡಿ ಮುಚ್ಚಿ ಸಂಜೆ ಅಗಡಿಯ ಮನೆಗೆ ಬಂದನೆಂದರೆ, ಗೇಟಿನ ಮುಂದೆ ಕಾರು ನಿಲ್ಲಿಸಿ ಎರಡು ಸಲ ರೇಸ್ ಮಾಡುವನು. ಗುರ್ರ್, ಗುರ್ರ್. ಅದೇ ಕರೆ. ಒಳಗಿನಿಂದ ದೇವವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಗೇಟು ಸರಿಸುವಳು. ಇಪ್ಪತ್ತಾರು ವರ್ಷದಲ್ಲಿ ಕಾರು ಎರಡು ಬದಲಾದವು, ಕರೆ ಬದಲಾಗಲಿಲ್ಲ.

"ನಿಮ್ಮ ಯಜಮಾನ್ರಿಗೆ ಬಾಯಿ ಇಲ್ಲೇನ ದೇವಕ್ಕಾ?" ಎಂದು ಎದುರು ಮನೆಯ ರಮಜಾನಬಿ ಕೇಳಿದ್ದಕ್ಕೆ, "ಐತಿ ತಗೀ, ಉಣ್ಣಾಕಷ್ಟ" ಎಂದು ದೇವವ್ವ ನಕ್ಕಿದ್ದಳು.

ಅವನು ಸತ್ತು ಮೂರು ವರ್ಷವಾಯಿತು. ಗೇಟಿನ ಮುಂದೆಯೇ ಸತ್ತ, ಕಾರಿನಲ್ಲಿ ಕುಳಿತಲ್ಲೇ. ಎದೆಯೊಡೆದು ಹೋದದ್ದು ಎಂದರು ಡಾಕ್ಟರು. ಮಣ್ಣಿಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: ನಿನಗೆ ಗೊತ್ತಾಗಲಿಲ್ಲವೇ? "ಹಿತ್ತಲದಾಗ ನೀರಿನ ಮೋಟರ್ ಹಚ್ಚಿದ್ನಿರಿ, ಕೇಳಿಸಲಿಲ್ಲ" ಎಂದಳು ದೇವವ್ವ. ಮೋಟರಿನ ಸದ್ದಿನಲ್ಲಿ ಯಾರಿಗೆ ತಾನೆ ಏನು ಕೇಳಿಸೀತು? ಎಲ್ಲರೂ ನಂಬಿದರು. ಮಗಳು ಶಿಲ್ಪಾಳೂ ನಂಬಿದಳು.

ಅವತ್ತು ಮೋಟರು ಹಚ್ಚಿರಲೇ ಇಲ್ಲ.

ದೇವವ್ವನ ಅಕ್ಕ, ಮೇಡ್ಲೇರಿಯ ಗದಿಗೆವ್ವ ಹಾಸಿಗೆ ಹಿಡಿದಿದ್ದಳು. ನೋಡಿ ಬರೋಣವೆಂದು ದೇವವ್ವ ಮೂರು ಸಲ ಕೇಳಿದ್ದಳು, ಮೂರು ಸಲವೂ ಅವನು "ನಾಳೆ ಹೋಗೂಣಂತ" ಎಂದಿದ್ದ. ಮುಂಜಾನೆ ಅದಕ್ಕೇ ಬಾಯಿಗೆ ಬಾಯಿ ಹತ್ತಿತ್ತು. ಸಂಜೆ ಕಾರು ಬಂತು. ಒಂದೇ ಸಲ ಗುರ್ರೆಂದಿತು, ಆಮೇಲೆ ಸುಮ್ಮನೆ ಚಾಲೂ ನಿಂತಿತು. ಒಲೆಯ ಮುಂದಿದ್ದ ದೇವವ್ವನಿಗೆ ಸ್ಪಷ್ಟ ಕೇಳಿಸಿತು. ಇವತ್ತು ತಾನೇ ಇಳಿದು ಗೇಟು ತೆಗೆಯಲಿ, ಕೈ ಸವೆಯುತ್ತವೇನು ಎಂದುಕೊಂಡಳು. ಅವನಿಗೆ ಕೇಳಲಿ ಎಂದೇ ರೊಟ್ಟಿಯನ್ನು ಜೋರಾಗಿ ಬಡಿದಳು. ಆಚೆ ಕಾರು ಗುರುಗುಟ್ಟುತ್ತಿತ್ತು, ಈಚೆ ರೊಟ್ಟಿ ಸಪ್ಪಳ ಮಾಡುತ್ತಿತ್ತು. ಒಂಬತ್ತು ರೊಟ್ಟಿ ಮುಗಿದ ಮೇಲೆ, ಎಂಥ ಹಠಮಾರಿ ಮನುಷ್ಯ ಎಂದು ಬೈದುಕೊಳ್ಳುತ್ತ ಹೊರಗೆ ಬಂದಳು. ಅವನ ತಲೆ ಸ್ಟೇರಿಂಗಿನ ಮೇಲಿತ್ತು.

ಅಂಗಡಿಯನ್ನು ಶಿಲ್ಪಾ ಹಿಡಿದಳು, ಕಾರನ್ನೂ ಹಿಡಿದಳು. ಅಂದಿನಿಂದ ದೇವವ್ವ ತನಗೆ ತಾನೇ ಒಂದು ನೇಮ ಮಾಡಿಕೊಂಡಳು. ಸಂಜೆ ಕಾರಿನ ದನಿ ಊರಬಾಗಿಲ ಅಗಸಿಯ ಕಡೆ ಕೇಳಿದೊಡನೆ ಏಳಬೇಕು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾದರೂ ಸರಿ, ಕಾರು ಬಂದು ನಿಲ್ಲುವ ಮೊದಲೇ ಗೇಟು ತೆರೆದಿರಬೇಕು. ಮೂರು ವರ್ಷದಲ್ಲಿ ಒಂದು ಸಂಜೆಯೂ ತಪ್ಪಲಿಲ್ಲ. ಹಾಗೆ ಓಡಿದ ಹೊತ್ತಿಗೆ ಮಾತ್ರ ಎದೆಯ ಭಾರ ತುಸು ಇಳಿಯುತ್ತಿತ್ತು.

ಈ ಸಲದ ಮೆಣಸಿನಕಾಯಿ ಸುಗ್ಗಿ ಶುರುವಾಗುವ ಹೊತ್ತಿಗೆ ಶಿಲ್ಪಾ ಹಳೇ ಕಾರನ್ನು ಹಾವೇರಿಯಲ್ಲಿ ಕೊಟ್ಟು ಕರೆಂಟಿನ ಕಾರು ತಂದಳು.

"ಅಪ್ಪನ ಗಾಡಿ ಅಂತ ಇಷ್ಟು ದಿವಸ ಇಟ್ಕೊಂಡ್ನಿ ಅವ್ವಾ. ವಾರಕ್ಕೊಮ್ಮೆ ಗ್ಯಾರೇಜು, ದಿನಾ ಪೆಟ್ರೋಲು. ಇದಕ್ಕ ರಾತ್ರಿ ವಾಯರ್ ಚುಚ್ಚಿ ಮಲಗಿದ್ರ ಮುಗೀತು."

ಲಿಂಬೆಹಣ್ಣು ಗಾಲಿಗಿಟ್ಟು ಕಾಯಿ ಒಡೆದರು. ರಮಜಾನಬಿ ಬಂದು ಬಾನೆಟ್ ಸವರಿ, "ಯವ್ವಾ, ಹೊಗಿ ಇಲ್ಲ, ಸಪ್ಪಳ ಇಲ್ಲ! ಹಾಲು ಕುಡ್ಯಾಕ ಬೆಕ್ಕು ಬಂದಂಗ ಬರತೈತಲ್ಲ ಇದು!" ಎಂದಳು. ಎಲ್ಲರೂ ನಕ್ಕರು. ದೇವವ್ವ ಮಾತ್ರ ಗೇಟಿನ ಕಡೆ ನೋಡಿದಳು.

ಮೊದಲ ಸಂಜೆ ಅವಳು ಕಿವಿಗೊಟ್ಟು ಕಾದಳು. ಏನೂ ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಕಾರು ಆಗಲೇ ಅಂಗಳದಲ್ಲಿತ್ತು, ಶಿಲ್ಪಾ ಕಾಲು ತೊಳೆಯುತ್ತಿದ್ದಳು. ಎರಡನೆಯ ಸಂಜೆಯೂ ಹಾಗೇ ಆಯಿತು. ಮೂರನೆಯ ದಿನದಿಂದ ದೇವವ್ವ ನಾಲ್ಕು ಗಂಟೆಗೇ ಗೇಟಿನ ಬಳಿ ಕಟ್ಟೆಯ ಮೇಲೆ ಕೂರತೊಡಗಿದಳು.

"ಏನ ದೇವಕ್ಕಾ, ಮಗಳಿಗೆ ಕಾವಲೋ, ಕಾರಿಗೆ ಕಾವಲೋ?" ಎಂದಳು ರಮಜಾನಬಿ.

"ಎರಡಕ್ಕೂ ಅಲ್ಲ ಬಿಡ."

"ಹಂಗಾರ ರೊಟ್ಟಿ ಯಾರು ಬಡೀತಾರ?"

ಅದೂ ಖರೆಯೇ. ಮಗಳು ಹಸಿದು ಬರುತ್ತಾಳೆ. ಒಳಗೆ ಹೋದರೆ ಗೇಟು ತಪ್ಪುತ್ತದೆ, ಗೇಟಿನಲ್ಲಿದ್ದರೆ ಒಲೆ ತಪ್ಪುತ್ತದೆ. ಹೀಗೆ ಒಳಗೂ ಹೊರಗೂ ಎಡತಾಕುತ್ತಿದ್ದಾಗಲೇ ಒಂದು ಸಂಜೆ ಹಳೇ ಕಾರಿನ ದನಿ ಕೇಳಿಸಿತು. ಒಂದೇ ಸಲ ಗುರ್ರೆಂದು, ಆಮೇಲೆ ಚಾಲೂ ನಿಂತ ದನಿ. ಹಿಟ್ಟಿನ ಕೈಯಲ್ಲೇ ಓಡಿದಳು. ಗೇಟಿನ ಮುಂದೆ ಏನೂ ಇರಲಿಲ್ಲ. ಗಾಳಿಯಲ್ಲಿ ಪೆಟ್ರೋಲಿನ ವಾಸನೆಯೊಂದು ಬಂತೋ, ಬಂದಂತೆ ಅನಿಸಿತೋ.

ಮರುದಿನವೂ ಕೇಳಿಸಿತು. ಅದರ ಮರುದಿನವೂ. ಬಂದದ್ದು ಕೇಳುವುದಿಲ್ಲ, ಕೇಳಿದ್ದು ಬಂದಿರುವುದಿಲ್ಲ. ಯಾರ ಮುಂದೆ ಹೇಳುವುದು? ಹೇಳಿದರೆ ಮೋಟರಿನ ಮಾತೂ ಬಿಚ್ಚಬೇಕಾಗುತ್ತದೆ. ಓಡಿ ಓಡಿ ಅವಳ ಮೊಣಕಾಲು ಬಾತುಕೊಂಡವು.

ಆ ಸೋಮವಾರ ಬ್ಯಾಡಗಿ ಪೇಟೆ ಭರ್ತಿಯಾಗಿತ್ತು. ಶಿಲ್ಪಾ ನಸುಕಿನಲ್ಲೇ ಹೋಗಿದ್ದಳು. ಸಂಜೆ ದೇವವ್ವ ಒಲೆಯ ಮುಂದಿದ್ದಾಗ ದನಿ ಮತ್ತೆ ಬಂತು. ಗುರ್ರ್. ಅವಳು ಏಳಹೋದವಳು ಮೊಣಕಾಲು ಹಿಡಿದು ಕುಳಿತಳು. ಸುಳ್ಳು ಕರೆ ಅದು, ಇವತ್ತು ಹೋಗುವುದಿಲ್ಲ. ದನಿ ನಿಲ್ಲಲಿಲ್ಲ. ಅದು ಕೇಳಿಸದಿರಲಿ ಎಂದು ರೊಟ್ಟಿಯನ್ನು ಜೋರಾಗಿ ಬಡಿದಳು. ಎಷ್ಟು ಬಡಿದಳೋ, ಬುಟ್ಟಿ ತುಂಬಿದ ಮೇಲೆಯೇ ಎದ್ದು ಹೊರಬಂದಳು.

ಗೇಟಿನಾಚೆ ಕರೆಂಟಿನ ಕಾರು ನಿಂತಿತ್ತು. ಗಾಜುಗಳೆಲ್ಲ ಏರಿಸಿದ್ದವು. ಶಿಲ್ಪಾಳ ತಲೆ ಸ್ಟೇರಿಂಗಿನ ಮೇಲಿತ್ತು.

ಗೇಟನ್ನು ಹೇಗೆ ಸರಿಸಿದಳೋ ಅವಳಿಗೇ ತಿಳಿಯದು. ಬಾಗಿಲು ಎಳೆದಳು, ಲಾಕ್ ಆಗಿತ್ತು. ಎರಡೂ ಅಂಗೈಯಿಂದ ಗಾಜು ಬಡಿದಳು. "ಬಂದ್ನಿ! ಬಂದ್ನಿ! ನಾ ಬಂದ್ನ್ಯೋ!" ಎಂದು ಊರಿಗೇ ಕೇಳುವಂತೆ ಚೀರಿದಳು.

ಶಿಲ್ಪಾ ಬೆಚ್ಚಿ ತಲೆಯೆತ್ತಿದಳು. ಮೆಣಸಿನಕಾಯಿ ಘಾಟಿಗೆ ಅವಳ ಕಣ್ಣು ಕೆಂಪಾಗಿದ್ದವು.

"ಏನಾತ ಬೇ? ಕಣ್ಣು ಉರೀತಿತ್ತು ಅಂತ ಎಸಿ ಹಚ್ಚಿ ತುಸು ಒರಗಿದ್ನಿ. ಜೊಂಪು ಹತ್ತಿತು."

"ಚಾಲೂ ಇತ್ತಾ ಇದು?"

"ಇತ್ತು. ಈಗೂ ಐತಿ."

ದೇವವ್ವ ರಸ್ತೆಯ ಮೇಲೆಯೇ ಕುಳಿತಳು. "ನನಗ ಕೇಳಿಸಿತ್ತು" ಎಂದಳು.

"ಏನು? ಇದರ ಸಪ್ಪಳ ಎಲ್ಲೈತಿ?"

"ಇದರದಲ್ಲ. ನಿಮ್ಮಪ್ಪಂದು. ಅವತ್ತು ಮೋಟರ್ ಹಚ್ಚಿರಲಿಲ್ಲ ನಾನು. ಕೇಳಿಸಿತ್ತು. ಸಿಟ್ಟಿನಾಗ ಬರಲಿಲ್ಲ."

ಶಿಲ್ಪಾ ಇಳಿಯುತ್ತಿದ್ದವಳು ಬಾಗಿಲು ಹಿಡಿದು ಹಾಗೇ ನಿಂತಳು. ಆಚೆಯಿಂದ ಓಡಿ ಬಂದ ರಮಜಾನಬಿ, "ಏನಾತ? ಏನಾತ?" ಎಂದು ಇಬ್ಬರ ಮುಖ ನೋಡಿದಳು.

"ಎಷ್ಟೊತ್ತು?" ಎಂದು ಕೇಳಿದಳು ಮಗಳು.

"ಒಂಬತ್ತು ರೊಟ್ಟಿ."

ಶಿಲ್ಪಾ ಮತ್ತೆ ಗಾಡಿ ಹತ್ತಿದಳು. ಕಾರನ್ನು ಒಳಗೆ ತಂದು ವಾಯರ್ ಚುಚ್ಚಿದಳು. ಊಟಕ್ಕೆ ಕುಳಿತು ಅನ್ನ ಸಾರು ಉಂಡಳು, ಬುಟ್ಟಿಗೆ ಕೈ ಹಾಕಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ದೇವವ್ವನಿಗೆ ಹಗುರಾಗುತ್ತಿತ್ತು.

ಮುಂಜಾನೆ ಹೊರಡುವಾಗ ಗಾಜು ಇಳಿಸಿ, ತಾಯಿಯ ಕಡೆ ನೋಡದೆ ಒಂದು ಮಾತು ಹೇಳಿದಳು. "ಇನ್ನ ಮ್ಯಾಲೆ ಗೇಟಿಗೆ ಬರಬ್ಯಾಡ ನೀ. ನಾನ ತಕ್ಕೊತೀನಿ." ಕಾರು ಸದ್ದಿಲ್ಲದೆ ಸರಿದು ಹೋಯಿತು. ಅದು ಕರುಣೆಯೋ ಶಿಕ್ಷೆಯೋ ಎಂದು ದೇವವ್ವ ಇಡೀ ದಿನ ಯೋಚಿಸಿದಳು. ಹೊತ್ತು ಇಳಿದರೂ ಉತ್ತರ ಹೊಳೆಯಲಿಲ್ಲ.

ಸಂಜೆ ಹಿಟ್ಟು ನಾದುತ್ತಿದ್ದಳು. ಹೊರಗೆ ಗುರ್ರ್ ಎಂದಿತು. ತುಸು ತಡೆದು, ಅವತ್ತು ಬಾರದೆ ಉಳಿದಿದ್ದ ಎರಡನೆಯ ಗುರ್ರ್ ಕೂಡ ಬಂತು. ಕೈಗಳು ಪರಾತದಲ್ಲೇ ನಿಂತವು. ಮಗಳ ಮಾತು ಮೀರುವಂತಿಲ್ಲ. ಅವಳು ಕಣ್ಣು ಮುಚ್ಚಿ ಕುಳಿತಳು.

ಆಮೇಲೆ ಗೇಟು ಸರಿಯುವ ಸದ್ದು ಕೇಳಿತು. ಸರಿಸಿದ್ದು ಮಗಳೋ, ಅವನೋ ಎಂದು ಅವಳು ಎದ್ದು ನೋಡಲಿಲ್ಲ.