ತಿಪ್ಪಮ್ಮ ಬಿಚ್ಚಿದ ಗಂಟು

ಬೇಸಿಗೆಯಲ್ಲಿ ಮಾರಿಕಣಿವೆಯ ಹಿನ್ನೀರು ಇಳಿಯುತ್ತಿದ್ದಂತೆ ದಡದ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ನೆಲ ಒಣಗಿ ಬಿರಿದಾಗ ಮತ್ತೋಡು ಕಡೆಯ ಕುರಿಗಾರರಿಗೆ ಆ ಹುಲ್ಲೇ ಧೈರ್ಯ. ಆದರೆ ಜಾಲಿ ಮೆಳೆ ದಾಟಿ ಹೋಗಬೇಕಾದ ಜಾಗ ಅದು. ಬೈಕೇ ಹೋಗುವುದಿಲ್ಲ, ಪಂಚಾಯಿತಿಯ ಕಸದ ಗಾಡಿಯಂತೂ ದೂರದ ಮಾತು. ಹಾಗಾಗಿ ನೀರು ಹಿಂದೆ ಸರಿದಾಗ ಹುಲ್ಲಿನ ಜೊತೆಗೆ ಹರಿದ ನೈಲಾನ್ ಬಲೆ, ನೀರಿನ ಬಾಟಲಿ, ಗುಟ್ಕಾ ಪೊಟ್ಟಣ, ಬಣ್ಣಬಣ್ಣದ ಪ್ಲಾಸ್ಟಿಕ್ ಕವರು ಎಲ್ಲವೂ ಅಲ್ಲೇ ಬಿದ್ದಿರುತ್ತವೆ.

ತಿಪ್ಪಮ್ಮ ಮತ್ತು ಅವಳ ಗಂಡ ಈರಬಸಪ್ಪನ ಮಂದೆ ಮೇಯುತ್ತಿದ್ದುದು ಆ ದಡದಲ್ಲೇ. ಕಸ ಕಂಡಾಗಲೆಲ್ಲ ತಿಪ್ಪಮ್ಮ ಮೀನು ಹಿಡಿಯುವವರನ್ನೂ ಹೊಸದುರ್ಗದಿಂದ ಪಾರ್ಟಿ ಮಾಡಲು ಬರುವ ಹುಡುಗರನ್ನೂ ಬಾಯ್ತುಂಬ ಬೈಯುತ್ತಿದ್ದಳು. ಬೈದು ಮುಂದೆ ಹೋಗುತ್ತಿದ್ದಳು, ಅಷ್ಟೆ. ಅದನ್ನು ಹೆಕ್ಕುವುದು ತನ್ನ ಕೆಲಸವಲ್ಲ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ದೇವಿಕಾ ಅವರ ಊರಿನ ಪಶುಸಖಿ. ಕುರಿಗಳಿಗೆ ಜಂತಿನ ಔಷಧ ಕುಡಿಸುವುದು, ಲಸಿಕೆಯ ದಿನ ನೆನಪಿಸುವುದು ಅವಳ ಕೆಲಸ. ಒಂದು ದಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಅವಳು ಮೊಬೈಲು ತೆರೆದು ಎಲ್ಲರಿಗೂ ತೋರಿಸಿದಳು. ದೂರದ ದೇಶವೊಂದರಲ್ಲಿ, ರಸ್ತೆಯೇ ಇಲ್ಲದ ಕಡಲ ದಂಡೆಗಳಲ್ಲಿ, ಆ ನೆಲದ ಮೂಲನಿವಾಸಿಗಳೇ ಕಾವಲಿಗೆ ನಿಂತು ತೇಲಿ ಬಂದ ಬಲೆ, ಪ್ಲಾಸ್ಟಿಕ್ಕು ಹೆಕ್ಕುತ್ತಿದ್ದರು. ಬಲೆಗೆ ಸಿಕ್ಕಿಬಿದ್ದ ಆಮೆಗಳನ್ನು ಬಿಡಿಸುತ್ತಿದ್ದರು. ನಮ್ಮ ದಡಕ್ಕೂ ಕುರಿಗಾರರನ್ನು ಬಿಟ್ಟರೆ ಬೇರೆ ಯಾರು ಹೋಗುತ್ತಾರೆ, ನಾವೇ ಅದನ್ನು ಕಾಯೋಣ ಎಂದಳು ದೇವಿಕಾ.

"ಯಾರೋ ಎಸೆದಿದ್ದನ್ನ ನಾವ್ಯಾಕೆ ಬಳಿಬೇಕು?" ಎಂದಳು ತಿಪ್ಪಮ್ಮ. "ಗಂಗಮ್ಮನ ಮಡಿಲಿಗೆ ಕಸ ಹಾಕೋ ಜನ ನಾವಲ್ಲ ಕಣವ್ವ."

ಎಲ್ಲರೂ ಹೌದೆಂದು ತಲೆದೂಗಿದರು. ದೇವಿಕಾ ಮೊಬೈಲು ಒಳಗಿಟ್ಟುಕೊಂಡಳು.

ಅದೇ ತಿಂಗಳು ತಿಪ್ಪಮ್ಮನ ಕೆಂದಿ ಮೇವು ಬಿಟ್ಟಿತು. ಕೆಂಚು ಬಣ್ಣದ ಆ ಕುರಿಯೇ ಮಂದೆಯ ಮುಂದಾಳು. ಅದು ಹೆಜ್ಜೆ ಹಾಕಿದ ಕಡೆಗೆ ಉಳಿದವೆಲ್ಲ ಹೋಗುತ್ತಿದ್ದವು. ಈಗ ತುಂಬು ಗಬ್ಬ ಬೇರೆ. ಮೆಲುಕು ನಿಂತಿತು, ಹೊಟ್ಟೆ ಉಬ್ಬಿತು. ಓಮ, ಬೆಲ್ಲದ ಕಷಾಯ ಕುಡಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ದೇವಿಕಾ ಬಂದು ಹೊಟ್ಟೆ ಒತ್ತಿ ನೋಡಿ, ಒಳಗೆ ಏನೋ ಗಟ್ಟಿ ಉಂಡೆಯಿದೆ, ತಡ ಮಾಡಬೇಡಿ ಎಂದಳು. ಕೆಂದಿಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಗಂಡ ಹೆಂಡತಿ ಪಶು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಅದು ತಿಪ್ಪಮ್ಮನ ತೊಡೆಯ ಮೇಲೆ ಕತ್ತು ಚೆಲ್ಲಿತು. ಒಳಗಿನ ಮರಿಯೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಕಾರಣ ತಿಳಿಯಲೆಂದು ಡಾಕ್ಟರು ಹೊಟ್ಟೆ ಕೊಯ್ದರು. ಕವರುಗಳು ಒಂದಕ್ಕೊಂದು ಹೊಸೆದುಕೊಂಡು ತೆಂಗಿನಕಾಯಿ ಗಾತ್ರದ ಉಂಡೆಯಾಗಿದ್ದವು. ಈರಬಸಪ್ಪ ಪೇಟೆಯವರಿಗೆ ಹಿಡಿಶಾಪ ಹಾಕತೊಡಗಿದ. ತಿಪ್ಪಮ್ಮ ಬಗ್ಗಿ ಆ ಉಂಡೆಯನ್ನು ಬಿಡಿಸಿ ನೋಡಿದಳು. ಒಂದು ಕವರಿನ ಬಾಯಿಗೆ ಉಣ್ಣೆಯ ದಾರ ಬಿಗಿದಿತ್ತು. ಒಂದು ಕರಿ ಎಳೆ, ಒಂದು ಬಿಳಿ ಎಳೆ ಸೇರಿಸಿ ಹೊಸೆದ ದಾರ. ಊರಲ್ಲಿ ಹಾಗೆ ಹೊಸೆಯುವವಳು ಅವಳೊಬ್ಬಳೇ, ಅದು ತವರಿನಲ್ಲಿ ಕಲಿತ ಕೆಲಸ.

ಗಂಗಮ್ಮನ ಪೂಜೆ ಮುಗಿದ ಮೇಲೆ ಹೂವು, ಅಕ್ಕಿ, ಬಾಳೆಹಣ್ಣನ್ನು ಯಾರೂ ತುಳಿಯಬಾರದೆಂದು ಗಂಟು ಕಟ್ಟಿ, ತಮ್ಮ ಕುರಿಯದೇ ಉಣ್ಣೆಯ ದಾರ ಸುತ್ತಿ ನೀರಿಗೆ ಬಿಡುವುದು ಅವರ ರೂಢಿ. ಹಿಂದೆ ಮುತ್ತುಗದ ಎಲೆಯಲ್ಲಿ ಕಟ್ಟುತ್ತಿದ್ದರು. ಎಲೆಯ ಜಾಗಕ್ಕೆ ಪ್ಲಾಸ್ಟಿಕ್ ಕವರು ಯಾವಾಗ ಬಂತೆಂದು ಯಾರೂ ಗಮನಿಸಿರಲಿಲ್ಲ. ನೀರು ಇಳಿದಾಗ ಗಂಟು ದಡದಲ್ಲಿ ಉಳಿದಿತ್ತು. ಒಳಗಿನ ಹಣ್ಣಿನ ವಾಸನೆಗೆ ಕೆಂದಿ ಕವರನ್ನೂ ಸೇರಿಸಿ ನುಂಗಿತ್ತು.

"ಪೇಟೆಯೋರನ್ನ ಬೈಬ್ಯಾಡ್ರಿ," ಎಂದಳು ತಿಪ್ಪಮ್ಮ ಗಂಡನಿಗೆ. "ಈ ಗಂಟು ಹಾಕಿದ ಕೈ ನಂದು."

ಅವಳು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನೇರ ದೇವಿಕಾಳ ಮನೆಗೆ ಹೋಗಿ, ಇನ್ನು ಗಂಗಮ್ಮನ ಪೂಜೆಯನ್ನೇ ಬಿಡಬೇಕೇನು ಎಂದು ಕೇಳಿದಳು.

"ಪೂಜೆ ಬಿಡಬ್ಯಾಡ್ರಿ ಅಕ್ಕಾ, ಕವರು ಬಿಡ್ರಿ," ಎಂದಳು ದೇವಿಕಾ. ಹೂವು, ಹಣ್ಣನ್ನು ಮರದ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿದರೆ ಗೊಬ್ಬರವಾಗುತ್ತದೆ. ಕವರು, ಬಾಟಲಿಗಳನ್ನು ತೊಳೆದು ಒಣಗಿಸಿ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಬಹುದು. ಸುಡಬಾರದು, ಆ ಹೊಗೆಯೂ ವಿಷವೇ. ಇಷ್ಟನ್ನು ಅವಳು ನಿಧಾನವಾಗಿ ತಿಳಿಸಿದಳು.

ಮುಂದಿನ ಶುಕ್ರವಾರ ಪೂಜೆಯ ಹೊತ್ತಿಗೆ ತಿಪ್ಪಮ್ಮ ಗುದ್ದಲಿ ಹಿಡಿದು ದಡದಲ್ಲಿರುವ ಗಂಗಮ್ಮನ ಕಲ್ಲಿನ ಪಕ್ಕ ನಿಂತಿದ್ದಳು. ಕಲ್ಲಿನ ಹಿಂದಿದ್ದ ಹೊಂಗೆ ಮರದ ಬುಡದಲ್ಲಿ ಗುಂಡಿ ಸಿದ್ಧವಾಗಿತ್ತು. ಊರಿನ ಹಿರಿಯ ದೊಡ್ಡತಿಮ್ಮಪ್ಪ ಗಂಟು ಹಿಡಿದು ನೀರಿನತ್ತ ನಡೆದಾಗ ಅಡ್ಡ ಬಂದಳು. ದೇವರಿಗೆ ಏರಿಸಿದ್ದನ್ನು ಜನ ತುಳಿದರೆ ಆ ಪಾಪ ಯಾರಿಗೆ ಎಂದು ಅವನು ಗದರಿದ.

"ತಾತ, ಯಾರೂ ತುಳಿಬಾರ್ದು ಅಂತಾನೇ ನಾನೂ ನೀರಿಗೆ ಬಿಟ್ಟಿದ್ದೆ. ಅದು ನನ್ನ ಕೆಂದಿ ಹೊಟ್ಟೇಲಿ ಸಿಕ್ತು. ನಿಮ್ಮ ಮಂದೇನೂ ಇಲ್ಲೇ ಮೇಯ್ತೈತೆ. ಗಂಟು ಕೊಡ್ರಿ, ಮಣ್ಣು ಮುಚ್ಚಿ ಮುಳ್ಳು ಹಾಕ್ತೀನಿ. ಯಾರ ಕಾಲೂ ಸೋಕಲ್ಲ."

ಮುದುಕ ನೀರಿಗೆ ಬೆನ್ನು ಮಾಡಿ ಗುಂಡಿಯ ಹತ್ತಿರ ಬಂದ. ಆಮೇಲೆ ತಾನೇ ಗಂಟು ಬಿಚ್ಚಿ, ಹೂವನ್ನು ಗುಂಡಿಗೆ ಸುರಿದು, ಖಾಲಿ ಕವರನ್ನು ಅವಳ ಕೈಗಿಟ್ಟ.

ಈಗ ಪ್ರತಿ ಅಮಾವಾಸ್ಯೆಗೆ ಊರಿನ ಕುರಿಗಾರರು ಚೀಲ ಹಿಡಿದು ದಡದುದ್ದಕ್ಕೂ ನಡೆಯುತ್ತಾರೆ. ಈರಬಸಪ್ಪ ಕೆಸರಲ್ಲಿ ಹೂತ ಬಲೆಗಳನ್ನು ಕೋಲಿನಿಂದ ಎಬ್ಬಿಸುತ್ತಾನೆ. ಹರಿದ ಬಲೆ ನೀರಲ್ಲಿ ಬಿಡಬೇಡಿ ಎಂದು ಮೀನು ಹಿಡಿಯುವವರಿಗೆ ಜಗಳವಿಲ್ಲದೆ ಹೇಳಿ ಬರುತ್ತಾನೆ. ತುಂಬಿದ ಚೀಲಗಳನ್ನು ರಸ್ತೆಯವರೆಗೆ ಹೊತ್ತು ತಂದು ಗಾಡಿಗೆ ಕೊಡುತ್ತಾರೆ. ನೀರು ಮತ್ತೆ ಹೊಸ ಕಸ ತಂದು ಹಾಕುತ್ತದೆ, ಇವರೂ ಮತ್ತೆ ಹೋಗುತ್ತಾರೆ. ಮಂದೆಯ ಮುಂದೆ ಈಗ ನಡೆಯುವುದು ಕೆಂದಿಯ ಮೊದಲ ಸೂಲಿನ ಮಗಳು. ಅದರ ಕೊರಳಿಗೆ ತಿಪ್ಪಮ್ಮ ಆ ಎರಡೆಳೆಯ ದಾರ ಕಟ್ಟಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಒಂದು ಕೆರೆಯೋ ಹಳ್ಳವೋ ಇದ್ದೇ ಇರುತ್ತದೆ. ಪೂಜೆ ಮುಗಿಸಿ ಅಲ್ಲಿಗೆ ಹೋದಾಗ ಹೂವನ್ನು ಮಣ್ಣಿಗೆ ಕೊಡಿ, ಕವರನ್ನು ಮನೆಗೆ ತನ್ನಿ. ದಡದಲ್ಲಿ ಬಿದ್ದದ್ದು ಯಾರದೆಂದು ಬೈಯುವ ಮೊದಲು ಬಗ್ಗಿ ಹೆಕ್ಕಿ ನೋಡಿ. ಅದರ ಬಾಯಿಗೆ ಸುತ್ತಿದ ದಾರ ನಿಮ್ಮ ಮನೆಯದೇ ಆಗಿರಬಹುದು.