ಕಣ್ಣು ಮುಚ್ಚಿದ ಐದು ಸೆಕೆಂಡು

ಮಾತು ಶುರುಮಾಡಿದರೆ ಅರಳು ಹುರಿದ ಹಾಗೆ ಪಟಪಟ ಅನ್ನುತ್ತಾಳೆ ಅಂತ ಕಾಲೇಜಿನವರು ಅವಳಿಗೆ ಅರಳು ಅಂತಲೇ ಹೆಸರಿಟ್ಟಿದ್ದರು. ಕಾಲೇಜಿನ ರೇಡಿಯೋದಲ್ಲಿ ಪ್ರತಿ ಶುಕ್ರವಾರ ‘ಅದೂ ಇದೂ ಮತ್ತೊಂದು’ ಅನ್ನುವ ಕಾರ್ಯಕ್ರಮ ಅವಳದ್ದು. ಅದು ಅಂದರೆ ಹೊಸ ಸಿನಿಮಾ, ಇದು ಅಂದರೆ ಊರಲ್ಲಿ ದೇವರ ಹೆಸರಲ್ಲಿ ನಡೆಯುವ ಸದ್ದುಗದ್ದಲ, ಮತ್ತೊಂದು ಅಂದರೆ ಕಾಲೇಜಿನ ಆಟ. ಮೂರನ್ನೂ ಒಂದೇ ಉಸಿರಲ್ಲಿ ಕಲಸಿ ಅರ್ಧ ಗಂಟೆ ಬಡಬಡಿಸುತ್ತಿದ್ದಳು. ಪಂದ್ಯ ಇದ್ದ ದಿನ ಕಾಮೆಂಟರಿಯೂ ಅವಳದೇ.

ಇವತ್ತು ಬಾಸ್ಕೆಟ್‌ಬಾಲ್ ಫೈನಲ್. ಅಂಕಣದ ಮೇಲಿನ ಗಾಜಿನ ಕೋಣೆಯಲ್ಲಿ ಯಾವಾಗಲೂ ಎರಡೇ ಕುರ್ಚಿ; ಒಂದು ಅರಳುವಿಗೆ, ಇನ್ನೊಂದು ಮೈಕು ನೋಡಿಕೊಳ್ಳುವ ಸೌಂಡ್ ಅಣ್ಣನಿಗೆ. ಇವತ್ತು ಅವಳು ಬರುವಷ್ಟರಲ್ಲಿ ಮೂರನೆಯ ಕುರ್ಚಿ ಬಂದು ಕೂತಿತ್ತು. ಅದು ಯಾರಿಗೆ ಅಂತ ಅವಳು ಕೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಶೂ ಲೇಸು ಕಟ್ಟದೆಯೇ ಮೆಟ್ಟಿಲು ಹತ್ತಿ ಕ್ಯಾಪ್ಟನ್ ನುಗ್ಗಿದಳು.

“ಲೇ ಅರಳು, ಇವತ್ತು ನಾನು ಗೆರೆ ಹತ್ರ ನಿಂತಾಗ ನೀನು ಬಾಯಿಗೆ ಬೀಗ ಹಾಕ್ಕೋಬೇಕು. ಪ್ರಾರ್ಥನೆ ಅಂತಾನೂ ಅನ್ಬೇಡ, ಅಲ್ಲ ಅಂತಾನೂ ಅನ್ಬೇಡ.”

“ಸರಿ ಕಣೇ, ಎಷ್ಟು ಸಲ ಹೇಳ್ತೀಯ?”

“ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ? ಅಪ್ಪ ಮೂರು ಬಸ್ಸು ತುಂಬ ಜನ ಕರ್ಕೊಂಡು ಬಂದಿದಾರೆ. ಶಿಬಿರದ ಅರ್ಜಿ ಇನ್ನೂ ಸಹಿ ಆಗ್ದೆ ಅವರ ಜೇಬಲ್ಲೇ ಇದೆ. ಸಂಜೆ ಐದು ಗಂಟೆಗೆ ಕೋಚ್ ಕೈಗೆ ಹೋಗ್ದಿದ್ರೆ ಶಿಬಿರ ನೆಗೆದುಬಿತ್ತು ಅಂತ ತಿಳ್ಕೋ.”

ಅವಳು ಬಂದ ಹಾಗೇ ದಡದಡನೆ ಇಳಿದು ಹೋದಳು. ಅರಳು ಉಗುರು ಕಚ್ಚಿಕೊಂಡು ಕೂತಳು. ಇದೆಲ್ಲ ಅವಳೇ ಮೈಮೇಲೆ ಎಳೆದುಕೊಂಡದ್ದು.

ಒಂದು ತಿಂಗಳ ಹಿಂದಿನ ಮಾತು. ಎದುರಾಳಿ ಫೌಲ್ ಮಾಡಿದಾಗ ಗೆರೆಯ ಹಿಂದೆ ಒಬ್ಬಳೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಚೆಂಡು ಎಸೆಯಬೇಕಲ್ಲ, ಆ ಫ್ರೀ ಥ್ರೋಗೆ ಮುಂಚೆ ಕ್ಯಾಪ್ಟನ್ ಐದು ಸೆಕೆಂಡು ಕಣ್ಣು ಮುಚ್ಚುತ್ತಾಳೆ. ತುಟಿ ಅಲ್ಲಾಡುತ್ತದೆ. ಆಮೇಲೆ ಎಸೆಯುತ್ತಾಳೆ, ಚೆಂಡು ಬುಟ್ಟಿಗೆ. ಆ ಐದು ಸೆಕೆಂಡು ಅಂದರೆ ಅರಳುವಿಗೆ ನರಕ. “ಮೂರು ಸೆಕೆಂಡು ಸುಮ್ನಿದ್ರೆ ಕೇಳೋರು ರೇಡಿಯೋ ಕೆಟ್ಟೋಯ್ತು ಅಂತ ಎದ್ದು ಹೋಗ್ತಾರೆ ತಂಗಿ” ಅಂತ ಮೊದಲ ದಿನವೇ ಸೌಂಡ್ ಅಣ್ಣ ಹೆದರಿಸಿಟ್ಟಿದ್ದ. ಅವತ್ತು ಹೇಳಲಿಕ್ಕೆ ಏನೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: “ನೋಡಿ, ನಮ್ಮ ಕ್ಯಾಪ್ಟನ್ ಪ್ರಾರ್ಥನೆ ಮಾಡ್ತಿದಾಳೆ! ಆಟದಲ್ಲಿ ದೇವರಿಗೇನು ಕೆಲಸ ಅನ್ನೋರು ಬಂದು ಈ ಮುಖ ನೋಡ್ಲಿ!”

ಆ ತುಣುಕು ಊರೆಲ್ಲ ಹಾರಾಡಿತು. ಹಾರಿ ಹಾರಿ ಕ್ಯಾಪ್ಟನ್‌ನ ಅಪ್ಪನ ಮೊಬೈಲಿಗೆ ಬಂದು ಕೂತಿತು.

ಅವರು ಪ್ರವಚನಕಾರರು. ವಾರಕ್ಕೊಮ್ಮೆ ಅವರ ಸಭೆಗೆ ಎರಡು ಸಾವಿರ ಜನ ಸೇರುತ್ತಾರೆ. ಮಗಳ ಆಟ ಈ ವರ್ಷಕ್ಕೆ ಸಾಕು ಅಂತ ಮನೆಯಲ್ಲಿ ಗೆರೆ ಎಳೆದಿದ್ದವರು, ಆ ತುಣುಕು ಕೇಳಿ ಕರಗಿ ನೀರಾದರು. ಸಭೆಯಲ್ಲಿ ಅದನ್ನೇ ಎರಡು ಸಲ ಹಾಕಿಸಿದರು. ವಿಶ್ವವಿದ್ಯಾಲಯದ ತಂಡಕ್ಕೆ ಮಗಳು ಆಯ್ಕೆಯಾಗಿದ್ದಳು. ಮೂರು ತಿಂಗಳು ಬೇರೆ ಊರಲ್ಲಿ ಶಿಬಿರ, ಅದಕ್ಕೆ ಮನೆಯವರ ಸಹಿ ಬೇಕು. “ಫೈನಲ್ ಮುಗಿದ ಕೂಡಲೇ ಎಲ್ಲರೆದುರಿಗೆ ಹಾಕ್ತೀನಿ” ಅಂದರು.

ಕ್ಯಾಪ್ಟನ್ ಅವತ್ತೇ ಅರಳುವಿನ ಜುಟ್ಟು ಹಿಡಿದಿದ್ದಳು. “ಯಾವ ಪ್ರಾರ್ಥನೆನೇ? ನಾನು ಹಾಡು ಹೇಳ್ಕೋತಿದ್ದೆ! ಆ ಸಿನಿಮಾ ಹಾಡು!”

ಆ ಸಿನಿಮಾ ಅಂದರೆ ಅದೇ, ನಾಯಕ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಸೊಂಟ ಕುಣಿಸುತ್ತಾನೆ ಅಂತ ಅವಳ ಅಪ್ಪ ಮೂರು ವಾರ ಬಿಡದೆ ಜಾಡಿಸಿದ ಸಿನಿಮಾ. ಆ ಹಾಡಿನ ತಾಳದ ನಾಲ್ಕು ಪೆಟ್ಟಿಗೆ ಸರಿಯಾಗಿ ಉಸಿರು ಬಿಟ್ಟು ಮೊಣಕೈ ಎತ್ತಿದರೆ ಕೈ ನಡುಗುವುದಿಲ್ಲವಂತೆ. ಹುಡುಗರ ಗುಂಪು ಪ್ರತಿ ಪಂದ್ಯದಲ್ಲೂ ಅದೇ ತಾಳ ಹಾಕುತ್ತಿತ್ತು, ಅವಳು ಅದನ್ನೇ ಹಿಡಿದುಕೊಂಡಿದ್ದಳು, ಅಷ್ಟೇ. ತಪ್ಪಾಯಿತು ಅಂತ ರೇಡಿಯೋದಲ್ಲಿ ಹೇಳುತ್ತೇನೆ ಅಂದರೆ ಕ್ಯಾಪ್ಟನ್ ಬೇಡ ಅಂದಿದ್ದಳು. ಶಿಬಿರ ಮುಗಿಯಲಿ, ಆಮೇಲೆ ನೋಡೋಣ.

“ಬರಬಹುದಾ ಮಗಳೇ?” ಬಾಗಿಲಲ್ಲಿ ಪ್ರವಚನಕಾರರು. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ, ದನಿ ಮಾತ್ರ ಮೆತ್ತಗೆ. ಮೂರನೆಯ ಕುರ್ಚಿಯಲ್ಲಿ ಕೂತು, ಸೌಂಡ್ ಅಣ್ಣ ಕೊಟ್ಟ ಹೆಡ್‌ಫೋನನ್ನು ತಲೆಗೆ ಸಿಕ್ಕಿಸಿಕೊಂಡರು. “ನಿನ್ನ ಮಾತಿಂದಾನೇ ನನ್ನ ಕಣ್ಣು ತೆರೀತು ನೋಡು.”

ಅರಳು ಹಲ್ಲು ಕಿರಿದಳು.

ಪಂದ್ಯ ಶುರುವಾಯಿತು. ಎಡಗಡೆ ಮೆಟ್ಟಿಲ ಸಾಲಿನ ತುಂಬ ಪ್ರವಚನಕಾರರ ಜನ. ಬಲಗಡೆ ಕಾಲೇಜಿನ ಹುಡುಗರು, ಆದರೆ ಎಲ್ಲರೂ ಬಾಯಿ ಹೊಲಿದುಕೊಂಡ ಹಾಗೆ ಕೂತಿದ್ದರು. ಗಣ್ಯರು ಬಂದಿದ್ದಾರೆ, ಸಿನಿಮಾ ತಾಳ ಕೂಡದು ಅಂತ ಪ್ರಿನ್ಸಿಪಾಲರು ಬೆಳಿಗ್ಗೆಯೇ ಸುತ್ತೋಲೆ ಹೊರಡಿಸಿದ್ದರು.

ಎಂಟನೆಯ ನಿಮಿಷಕ್ಕೆ ಮೊದಲ ಫೌಲ್. ಕ್ಯಾಪ್ಟನ್ ಗೆರೆಗೆ ಬಂದಳು. ಅರಳು ತುಟಿ ಕಚ್ಚಿಕೊಂಡಳು. ಆಗ ಎಡಗಡೆಯ ಇನ್ನೂರು ಜನ ಒಟ್ಟಿಗೆ ಎದ್ದು ನಿಂತರು. ಕೈ ಜೋಡಿಸಿದರು, ತಲೆ ಬಗ್ಗಿಸಿದರು. ಒಂದು ಕೆಮ್ಮಿಲ್ಲ, ಒಂದು ಹಲಗೆ ಕಿರುಗುಟ್ಟಲಿಲ್ಲ. ಹಾಲ್ ಪೂರ್ತಿ ಸ್ತಬ್ಧ.

ಕ್ಯಾಪ್ಟನ್ ಕಣ್ಣು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು. ಎಸೆದಳು. ಚೆಂಡು ಬುಟ್ಟಿಯ ಬಳೆಗೆ ಬಡಿದು ಆಚೆ ಹಾರಿತು. ಎರಡನೆಯದೂ ಹಾಗೇ.

“ಇವಳು ತಪ್ಪೋಳೇ ಅಲ್ವಲ್ಲ” ಅಂದ ಸೌಂಡ್ ಅಣ್ಣ, ಮೈಕಿಗೆ ಕೇಳದ ಹಾಗೆ.

ಮೂರನೆಯದು ತಪ್ಪಿತು. ನಾಲ್ಕನೆಯದು ತಪ್ಪಿತು. ಓಡುವಾಗ, ಪಾಸು ಕೊಡುವಾಗ ಚಿರತೆಯಂತಿದ್ದವಳು ಗೆರೆಗೆ ಬಂದ ಕೂಡಲೇ ಕೊರಡಾಗುತ್ತಿದ್ದಳು. ಇನ್ನೂರು ಜನರ ಭಕ್ತಿ ಅವಳ ಭುಜದ ಮೇಲೆ ಮೂಟೆಯ ಹಾಗೆ ಕೂತಿತ್ತು. ಎಡಗಡೆಯವರು ಕೈಯನ್ನು ಇನ್ನೂ ಬಿಗಿಯಾಗಿ ಜೋಡಿಸಿದರು, ಮೌನ ಇನ್ನೂ ದಪ್ಪವಾಯಿತು.

ಪ್ರವಚನಕಾರರು ಗಾಜಿಗೆ ಹಣೆ ತಾಗುವಷ್ಟು ಮುಂದಕ್ಕೆ ಬಾಗಿದ್ದರು. “ಏನಾಯ್ತು ನನ್ನ ಮಗಳಿಗೆ? ಮನಸ್ಸಲ್ಲಿ ಏನೋ ಚಂಚಲ ಇದೆ. ನಂಬಿಕೆ ಗಟ್ಟಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಇಂಥ ಹೊತ್ತಲ್ಲಿ ಮನೆ ಬಿಟ್ಟು ಅಷ್ಟು ದೂರ ಕಳಿಸೋದು...” ಅಂತ ಅವರ ಕೈ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡಿತು.

ಅರಳು ಲೆಕ್ಕ ಹಾಕಿದಳು. ಸುಮ್ಮನಿದ್ದರೂ ಶಿಬಿರ ಹೋಯಿತು, ನಿಜ ಹೇಳಿದರೂ ಹೋಯಿತು. ಸುಮ್ಮನಿದ್ದು ಹೋದರೆ ಇನ್ನೊಂದು ಕೇಡು: ನಂಬಿಕೆ ಕೆಟ್ಟವಳು ಅನ್ನುವ ಹಣೆಪಟ್ಟಿ ಕ್ಯಾಪ್ಟನ್‌ಗೆ ಅಂಟುತ್ತದೆ, ಅದೂ ಅವಳ ಸ್ವಂತ ಮನೆಯಲ್ಲೇ.

ಇಪ್ಪತ್ತೊಂದು ಸೆಕೆಂಡು ಉಳಿದಿತ್ತು. ನಮ್ಮವರು ಒಂದು ಅಂಕ ಹಿಂದೆ. ಕ್ಯಾಪ್ಟನ್ ಬುಟ್ಟಿಯ ಕೆಳಗೆ ನುಗ್ಗಿದಳು, ಎದುರಾಳಿ ಮೈಮೇಲೆ ಬಿದ್ದಳು, ಶಿಳ್ಳೆ. ಎರಡು ಎಸೆತ. ಎಡಗಡೆಯವರು ಏಳತೊಡಗಿದರು. ಅದೇ ಹೊತ್ತಿಗೆ ಎದುರಾಳಿ ಕೋಚ್ ಟೈಮ್‌ಔಟ್ ಕೇಳಿದ. ಒಂದು ನಿಮಿಷ.

“ಅಣ್ಣ, ಹಾಲ್ ಸ್ಪೀಕರ್ ಸ್ವಿಚ್ ಹಾಕು.”

“ಯಾಕೆ? ಹಾಲಲ್ಲಿ ಪ್ರಿನ್ಸಿಪಾಲ್ರು ಮಾತ್ರ ಮಾತಾಡ್ಬೇಕು ತಂಗಿ. ನನ್ನ ಕೆಲಸಕ್ಕೆ ಕುತ್ತು ತರ್ಬೇಡ.”

“ನಾನೇ ಕೈ ಹಾಕ್ದೆ ಅಂತ ಹೇಳು.” ಅವಳೇ ಅವನ ಮುಂದೆ ಬಗ್ಗಿ ಕೆಂಪು ಗುಂಡಿ ಒತ್ತಿದಳು. ಕೆಳಗಿನ ಎಂಟೂ ಸ್ಪೀಕರು ಗುರ್ರೆಂದವು.

“ನಮಸ್ಕಾರ. ನಾನು ಕಾಮೆಂಟರಿ ಹೇಳೋಳು, ಮೇಲಿಂದ ಮಾತಾಡ್ತಿದೀನಿ.” ಉಸಿರು ಎಳೆದುಕೊಳ್ಳದೆ ಮುಂದುವರಿಸಿದಳು. “ನಮ್ಮ ಕ್ಯಾಪ್ಟನ್ ಪ್ರಾರ್ಥನೆ ಮಾಡ್ತಾಳೆ ಅಂತ ಹೋದ ತಿಂಗಳು ಹೇಳಿದ್ದು ನಾನು. ಅದು ನಾನೇ ಹುಟ್ಟಿಸಿದ ಮಾತು. ಅವಳನ್ನ ಒಂದ್ ಮಾತು ಕೇಳ್ಲಿಲ್ಲ. ಕಣ್ಣು ಮುಚ್ಚಿದ್ಲು, ನನಗೆ ಹೇಳೋಕೆ ಏನೂ ಇರ್ಲಿಲ್ಲ, ಅಂದ್ಬಿಟ್ಟೆ. ಅವಳು ಎಲ್ಲೂ ಹಾಗಂತ ಹೇಳಿಲ್ಲ, ಸುಳ್ಳು ಅವಳದ್ದಲ್ಲ. ನೀವೆಲ್ಲ ಒಳ್ಳೇ ಮನಸ್ಸಿಂದ ನಿಂತ್ಕೋತಿದೀರಿ, ಆದ್ರೆ ಈ ಮೌನ ಅವಳಿಗೆ ಅಭ್ಯಾಸ ಇಲ್ಲ. ದಯವಿಟ್ಟು ಕೂತ್ಕೊಳ್ಳಿ. ಕಿರುಚಿ. ಏನಾದ್ರೂ ಗಲಾಟೆ ಮಾಡಿ. ತಪ್ಪಾಯ್ತು.”

ಗುಂಡಿ ಆರಿಸಿದಳು. ಪಕ್ಕಕ್ಕೆ ತಿರುಗುವ ಧೈರ್ಯ ಬರಲಿಲ್ಲ.

ಕೆಳಗೆ ಗುಜುಗುಜು. ಎಡಗಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ಜನ ಕೂತರು, ಅರ್ಧ ಜನ ಪ್ರವಚನಕಾರರು ಏನಾದರೂ ಸನ್ನೆ ಮಾಡುತ್ತಾರೇನೋ ಅಂತ ಗಾಜಿನ ಕಡೆ ಕತ್ತೆತ್ತಿದರು. ಪ್ರಿನ್ಸಿಪಾಲರು ಎದ್ದು ನಿಂತು ಮೇಲಕ್ಕೆ ಬೆರಳು ತೋರಿಸುತ್ತಿದ್ದರು. ಬಲಗಡೆ ಯಾರೋ ಒಬ್ಬ ತಟ್ಟಿದ. ಒಂದು, ಎರಡು, ಮೂರು, ನಾಲ್ಕು. ಇನ್ನೊಬ್ಬ ಸೇರಿದ. ಕ್ಯಾಪ್ಟನ್ ಗೆರೆಗೆ ಬರುವ ಹೊತ್ತಿಗೆ ಮರದ ಮೆಟ್ಟಿಲ ಮೇಲೆ ನೂರಾರು ಕಾಲು ಆ ತಾಳ ಕುಟ್ಟುತ್ತಿದ್ದವು. ಸುತ್ತೋಲೆ ಗಾಳಿಗೆ ಹೋಯಿತು.

ಅವಳು ಕಣ್ಣು ಮುಚ್ಚಿದಳು. ತಾಳಕ್ಕೆ ಸರಿಯಾಗಿ ತುಟಿ ಆಡಿತು. ಚೆಂಡು ಬಲೆಯನ್ನಷ್ಟೇ ಸವರಿ ಬಿತ್ತು. ಮತ್ತೊಂದು. ಅದೂ ಬಿತ್ತು.

ಹಾಲ್ ಹುಚ್ಚೆದ್ದು ಕುಣಿಯಿತು. ಎದುರಾಳಿಗಳಿಗೆ ಕುಣಿಯಲು ಪುರುಸೊತ್ತಿರಲಿಲ್ಲ; ಚೆಂಡು ಹಿಡಿದು ಓಡಿದರು, ಎರಡು ಸೆಕೆಂಡು ಉಳಿದಿರುವಾಗ ಮೂಲೆಯಿಂದ ಎಸೆದ ಚೆಂಡು ಬುಟ್ಟಿಯೊಳಗೆ. ಅವರಿಗೆ ಎರಡು ಅಂಕ, ನಮಗೆ ಒಂದೇ ಅಂಕದಲ್ಲಿ ಸೋಲು. ಅರಳು ಅಷ್ಟನ್ನೂ ಹೇಗೋ ಹೇಳಿ ಮುಗಿಸಿ ಮೈಕು ಆರಿಸಿದಳು.

ಪ್ರವಚನಕಾರರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಅದು ಆ ಸಿನಿಮಾ ಹಾಡಲ್ವಾ?”

ಅರಳು ಮೈಕಿನ ತಂತಿ ಸುತ್ತತೊಡಗಿದಳು.

“ಬೈಬೇಕು ಅಂತ ಕೂತು ಹದಿನೈದು ಸಲ ಕೇಳಿದೀನಮ್ಮ. ನನಗೆ ಬಾಯಿಪಾಠ. ಅವಳ ತುಟಿ ನೋಡಿದ್ರೆ ಗೊತ್ತಾಗಲ್ವಾ?”

“ಸರ್, ತಪ್ಪು ನಂದು. ಅವಳನ್ನ ಯಾಕೆ...”

“ನೀನು ಹೊರಗಿನೋಳು, ಕೇಳ್ಲಿಲ್ಲ. ನಾನು ಒಂದೇ ಮನೇಲಿ ಇರೋನು. ಮಧ್ಯ ಒಂದು ಗೋಡೆ ಅಷ್ಟೇ. ಒಂದು ತಿಂಗಳಲ್ಲಿ ಒಂದು ದಿನ, ‘ಏನು ಹೇಳ್ಕೋತೀಯ ಮಗಳೇ’ ಅಂತ ಕೇಳಿದ್ನಾ? ಎರಡು ಸಾವಿರ ಜನಕ್ಕೆ ಕೇಳಿಸ್ದೆ, ಅವಳನ್ನ ಬಿಟ್ಟು.” ಅವರ ಮೆತ್ತಗಿನ ದನಿ ಒಡೆದಿತ್ತು. ಸಿಟ್ಟೋ ನಾಚಿಕೆಯೋ ಅರಳುವಿಗೆ ಗೊತ್ತಾಗಲಿಲ್ಲ. ಗೋಡೆಯ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವರು ಎದ್ದು ಹೊರಟೇಬಿಟ್ಟರು.

ಗಾಜಿನ ಹಿಂದಿನಿಂದ ಅರಳು ನೋಡುತ್ತ ನಿಂತಳು. ಪ್ರವಚನಕಾರರು ಅಂಕಣಕ್ಕೆ ಇಳಿದರು. ಅವರ ಜನ ಸುತ್ತುವರಿದರು, ಒಬ್ಬ ಏನೋ ಕೈ ಬೀಸಿ ಹೇಳಿದ. ಅವರು ಅವನನ್ನು ದಾಟಿ ನಡೆದರು. ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದ ಮಗಳ ಪಕ್ಕ ಕೂತರು. ಇಬ್ಬರೂ ನೆಲ ನೋಡುತ್ತಿದ್ದರು. ಅವರು ಏನೋ ಕೇಳಿದರು. ಅವಳು ತುಂಬ ಹೊತ್ತು ಮಾತಾಡಿದಳು, ಮೊಣಕೈ ಎತ್ತಿ ತೋರಿಸಿದಳು, ನಾಲ್ಕು ಸಲ ತೊಡೆ ತಟ್ಟಿದಳು.

“ಬೈತಿದಾರಾ ಅಣ್ಣ?”

“ಮುಖದಲ್ಲಿ ಗಂಟು ಹಾಗೇ ಇದೆ ತಂಗಿ.”

ಗಂಟು ಹಾಗೇ ಇತ್ತು. ಆ ಮುಖದಲ್ಲೇ ಅವರು ಜೇಬಿನಿಂದ ಕಾಗದ ತೆಗೆದು, ತೊಡೆಯ ಮೇಲಿಟ್ಟುಕೊಂಡು, ಎಲ್ಲರೆದುರಿಗೆ ಅಲ್ಲ, ತಮ್ಮ ಜನಕ್ಕೆ ಬೆನ್ನು ತಿರುಗಿಸಿ ಸಹಿ ಹಾಕಿದರು. ಮಗಳ ಕೈಗೆ ಕೊಟ್ಟು, ಬಸ್ಸುಗಳು ನಿಂತಿದ್ದ ಕಡೆ ಒಬ್ಬರೇ ನಡೆದರು. ಅಲ್ಲಿ ಇನ್ನೂರು ಜನ ಉತ್ತರ ಕೇಳಲು ಕಾದಿದ್ದರು.

ಕ್ಯಾಪ್ಟನ್ ಕಾಗದ ಎತ್ತಿಕೊಂಡು ಕೋಚ್ ಕಡೆ ಓಡಿದಳು. ಓಡುವಾಗ ಒಮ್ಮೆ ಗಾಜಿನ ಕಡೆ ತಲೆಯೆತ್ತಿ, ಅರಳುವಿಗೆ ಕಾಣುವ ಹಾಗೆ, ಮುಷ್ಟಿ ಕಟ್ಟಿ ಗುದ್ದುವವಳಂತೆ ತೋರಿಸಿದಳು. ನಗು ಅಂತೂ ಇರಲಿಲ್ಲ.